ಹದಿನೆಂಟನೆಯ ಸ್ಥಾನ

ಕಪ್ ಎತ್ತಿದವರ ಸುದ್ದಿ ಪೇಪರಿನಲ್ಲಿದೆ, ಓದಿಕೊಳ್ಳಿ.
ಆಂಡರ್ಸನ್‌ಪೇಟೆಯ ನನ್ನ ಸಲೂನಿನಲ್ಲಿ
ಈ ಸೀಸನ್ನು ನಡೆದದ್ದು ಪಟ್ಟಿಯ ಕೆಳತುದಿಯಲ್ಲಿ,
ಕನ್ನಡಿಯ ಪಕ್ಕದ ಗೋಡೆಯಲ್ಲಿ, ಸೀಮೆಸುಣ್ಣದಲ್ಲಿ:
ಹದಿನೇಳು, ಹದಿನೆಂಟು, ಮತ್ತೆ ಹದಿನೇಳು.

ಆ ತಂಡವೇ ಯಾಕೆ ಎಂದು ಕೇಳುವವರಿಗೆ:
ಪಾಕ್ಯನಾಥಣ್ಣನ ಅಜ್ಜನಿಗೆ ಬೂಟು ಕೊಡಿಸಿದ ದೊರೆ
ಆ ಊರಿನವನಂತೆ. ಕಲ್ಲಿದ್ದಲ ಊರು.
ಮೊದಲು ಒಂದೇ ಬೂಟು ಕೊಟ್ಟ,
ಇನ್ನೊಂದು ಗೋಲು ಹೊಡೆದ ಮೇಲೆ ಎಂದ.
ಅವರ ಗಣಿಯೂ ಮುಚ್ಚಿ ಎಷ್ಟೋ ವರ್ಷವಾಯಿತಂತೆ.
ನಂಟು ಅಂದರೆ ಇಷ್ಟೇ.
ಬೀಗತನಕ್ಕೂ ಇದಕ್ಕಿಂತ ಹೆಚ್ಚು ಬೇಕೇ?

ಆಗಸ್ಟಿನಲ್ಲಿ ಎಲ್ಲರಿಗೂ ಸೊನ್ನೆ ಅಂಕ, ಎಲ್ಲರೂ ಸಮಾನರು.
ಯೂನಿಯನ್ನಿನ ಅರುಳಪ್ಪನಿಗೆ ಅದೊಂದು ವಾರ
ಇಡೀ ವರ್ಷಕ್ಕಿಂತ ಇಷ್ಟ.
ಹೊಸ ಸ್ಟ್ರೈಕರ್ ಬಂದ, ಮುನ್ನೂರು ಕೋಟಿಯ ಕಾಲು.
ಮೊದಲ ಮ್ಯಾಚಿನಲ್ಲಿ ಕಂಬಕ್ಕೆ ಹೊಡೆದ,
ಎರಡನೆಯದರಲ್ಲಿ ಇನ್ನೊಂದು ಕಂಬಕ್ಕೆ.
'ಎರಡೂ ಗಟ್ಟಿಯಾಗಿವೆ ಅಂತ ಗೊತ್ತಾಯ್ತಲ್ಲ ಬಿಡಪ್ಪ,'
ಎಂದರು ಅಣ್ಣ.

ಅಕ್ಟೋಬರಿನಲ್ಲಿ ಒಂದು ಗೋಲು, ಚಿನ್ನದಂಥ ಗೋಲು.
ಇಲ್ಲ, ನಮ್ಮೂರಲ್ಲಿ ಆ ಹೋಲಿಕೆ ಸಲ್ಲದು.
ಒಂದು ಒಳ್ಳೆಯ ಗೋಲು. ಅದನ್ನು
ಪರದೆಯ ಮೇಲೆ ಗೆರೆ ಎಳೆದು ರದ್ದು ಮಾಡಿದರು,
ಕಂಕುಳು ಮುಂದಿತ್ತಂತೆ, ಒಂದು ಬೆರಳಷ್ಟು.
ನಮ್ಮ ಲೈನುಮನೆ ಅಳೆಯಲು ಬಂದವರೂ
ಹೀಗೇ ಗೆರೆ ಎಳೆದು
ಸೆಲ್ವಮೇರಿಯ ಒಲೆಯನ್ನು ರಸ್ತೆಗೆ ಸೇರಿಸಿದ್ದರು.

ನವೆಂಬರಿನಲ್ಲಿ ಕೋಚನ್ನು ಕಿತ್ತರು,
ಉಳಿದ ಎರಡು ವರ್ಷದ ಸಂಬಳ ಕೈಗಿಟ್ಟು.
ಕಿತ್ತ ಮೇಲೂ ಸಂಬಳ!
ಬೆಂಚಿನ ಮೇಲಿದ್ದ ನಾಲ್ವರು ಹಳೇ ಗಣಿಯವರು
ನಕ್ಕ ರಭಸಕ್ಕೆ ನನ್ನ ಕತ್ತರಿ ಜಾರಿ
ಒಬ್ಬನ ಮೀಸೆ ಅರ್ಧ ಹೋಯಿತು.
ಅವರ ಬಾಕಿಯ ಕೇಸಿಗೆ ಮುಂದಿನ ತಾರೀಖು ಜನವರಿ.

ಡಿಸೆಂಬರು. ಅಲ್ಲಿ ಹಿಮ, ಇಲ್ಲಿ ಅವರೆಕಾಯಿ.
ಹಿತಕಿದ ಬೇಳೆಯ ಸೊಗಡು ಬೆರಳಲ್ಲಿರುವಾಗಲೇ
ರಾತ್ರಿ ಒಂದೂವರೆಗೆ ಸೋಲು ನೋಡಲು ಕೂತೆವು.
ಬೆಳಗಿನ ಪಾಳಿಯವರು ಮಲಗದೆ
ಮಾರಿಕುಪ್ಪದ ಮೊದಲ ರೈಲು ಹತ್ತಿದರು,
ನಾಲ್ಕು-ಸೊನ್ನೆಯನ್ನು ಚಿತ್ರಾನ್ನದ ಜೊತೆ ಕಟ್ಟಿಕೊಂಡು.

ಮಾರ್ಚಿನಲ್ಲಿ ಯಾಕೋ ಗೆಲ್ಲತೊಡಗಿದರು.
ಗೋಲಿ ಎರಡು ಪೆನಾಲ್ಟಿ ಹಿಡಿದ. ಮಾರನೆಯ ದಿನ
ಸೈನೈಡ್ ಗುಡ್ಡದ ಬುಡದ ಮೈದಾನದಲ್ಲಿ
ಮೆರ್ವಿನ್ ಅವನಂತೆಯೇ ಹಾರಿ, ಮೊಣಕೈ ಕಿತ್ತುಕೊಂಡು,
ಬೂದಿಮಣ್ಣು ಮೆತ್ತಿದ ತಲೆಯನ್ನು ನನ್ನ ಬಳಿ ತಂದ.
ಕಾಸು ತೆಗೆದುಕೊಳ್ಳಲಿಲ್ಲ. ನಾವು ಹದಿನಾರರಲ್ಲಿದ್ದೆವು.

ಮೇ. ಕೊನೆಯ ದಿನ, ಹತ್ತು ಮ್ಯಾಚು ಒಟ್ಟಿಗೆ.
ನಾವು ಗೆಲ್ಲಬೇಕು, ಹದಿನೇಳನೆಯವರು ಸೋಲಬೇಕು.
ಅವರು ಸೋತರು.
ಎಂಬತ್ತೊಂಬತ್ತನೆಯ ನಿಮಿಷ, ಮುನ್ನೂರು ಕೋಟಿಯ ಕಾಲು,
ಮತ್ತೆ ಕಂಬ.

'ಇಳಿದುಬಿಟ್ವಿ,' ಎಂದ ಅರುಳಪ್ಪ, ಸಾವಿನ ಮನೆಯ ದನಿಯಲ್ಲಿ.

ಇಳಿಯುವುದು. ಈ ಊರಲ್ಲಿ ಆ ಮಾತಿಗೆ ಯಾರೂ ಅತ್ತವರಲ್ಲ.
ಇಳಿದರೆ ಕೂಲಿ, ಇಳಿಯದ ದಿನ ಒಲೆ ತಣ್ಣಗೆ.
ಅತ್ತದ್ದೆಲ್ಲ ಏರಿ ಬರದವರಿಗೆ.

ಪಾಕ್ಯನಾಥಣ್ಣ ಮೂವತ್ತು ವರ್ಷ
ವೈಂಡಿಂಗ್ ಎಂಜಿನ್ನಿನ ಮುಂದೆ ಕೂತವರು.
ಈಗ ನನ್ನ ಕುರ್ಚಿಯಲ್ಲಿ, ಮುಖದ ತುಂಬ ನೊರೆ, ಕಣ್ಣು ಮುಚ್ಚಿ.
ಟಿವಿಯಲ್ಲಿ ರೆಫರಿ ಊದಿದ:
ಒಂದು, ಎರಡು, ಮೂರು.

ಮೂರು ಹೊಡೆದರೆ ಪಂಜರದಲ್ಲಿರುವುದು ಕಲ್ಲಲ್ಲ, ಮನುಷ್ಯರು.
ಅಣ್ಣನ ಬಲಗೈ ಕುರ್ಚಿಯ ಪಕ್ಕದ ಹಿಡಿಯನ್ನು ತಡಕಿತು,
ಸಿಕ್ಕಿತು. ಮೆಲ್ಲಗೆ, ಎಲ್ಲಿಯೂ ಜಗ್ಗದಂತೆ,
ಹಿಂದಕ್ಕೆ, ಕೆಳಕ್ಕೆ ಇಳಿಸಿದರು.
ಕುರ್ಚಿ ನಿಂತ ಮೇಲೂ
ಹಿಡಿ ಬಿಡಲಿಲ್ಲ.
ನಾನು ಕತ್ತಿ ಎತ್ತಿಕೊಂಡೇ ಕಾದೆ.